ಒಂದು ಸಿಕ್ಕರೆ ಇನ್ನೊಂದು ಇದ್ದೇ ಇದೆ

ಹಾಸನದ ಬಾನುಲಿ ಕೇಳುಗರಿಗೆ ನಮಸ್ಕಾರ. "ಸಾರ್, ಬೆಳಕಿನ ಕಣದ ಬಗ್ಗೆ ಮಾತಾಡಿ, ಆದರೆ ತೋಟದಲ್ಲಿ ಕೆಲಸ ಮಾಡ್ತಾ ಕೇಳೋರಿಗೂ ತಿಳೀಬೇಕು" ಅಂತ ಇಲ್ಲಿಯವರು ಹೇಳಿದ್ದಾರೆ. ಆಗಲಿ. ಇವತ್ತು ಒಂದೇ ಮಾತು. ಬೆಳಕಿನ ಕಣಗಳನ್ನು ಜೋಡಿಯಾಗಿ ಹುಟ್ಟಿಸಬಹುದು. ಆ ಜೋಡಿಯಲ್ಲಿ ಒಂದು ಸಿಕ್ಕರೆ ಇನ್ನೊಂದು ಇದ್ದೇ ಇದೆ.

ಕಣ ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಸಕಲೇಶಪುರದ ಕಡೆ ನಮ್ಮ ಅಜ್ಜಿ ಮನೆಯ ಕಾಫಿ ಕಣ. ಕಾಫಿ ಹಣ್ಣಿನೊಳಗೆ ಎರಡು ಬೀಜ ಮುಖಕ್ಕೆ ಮುಖ ಒತ್ತಿಕೊಂಡಿರುತ್ತವೆ, ನಿಮಗೆ ಹೇಳಬೇಕಾ? ಅಪರೂಪಕ್ಕೆ ಒಂದೇ ಬೀಜ ಗುಂಡಗೆ ಬೆಳೆದರೆ ಅದು ಪೀಬೆರಿ. ಒಂದು ಪೀಬೆರಿ ಆರಿಸಿ ಕೊಟ್ಟರೆ ಅಜ್ಜಿ ಐದು ಪೈಸೆ ಕೊಡುತ್ತಿದ್ದರು. ಬೆಳಗಿನಿಂದ ಹುಡುಕಿದರೂ ನನಗೆ ಸಿಕ್ಕಿದ್ದು ಏಳೋ ಎಂಟೋ. ಆಗ ಒಂದು ಬುದ್ಧಿ ಓಡಿಸಿದೆ. ಮಾಮೂಲಿ ಬೀಜದ ಅಂಚನ್ನು ಒರಳುಕಲ್ಲಿಗೆ ತಿಕ್ಕಿ ತಿಕ್ಕಿ ಗುಂಡಗೆ ಮಾಡಿದೆ. ಬೆರಳಿನ ಚರ್ಮ ಕಿತ್ತುಬಂತು, ಅದು ಬೇರೆ ಮಾತು. ಹತ್ತು ಬೀಜ ತಯಾರು ಮಾಡಿ, ನಿಜವಾದವುಗಳ ಜೊತೆ ಬೆರೆಸಿ ಜಗುಲಿಗೆ ಒಯ್ದೆ.

ಅಜ್ಜಿಗೆ ಆಗಲೇ ಕಣ್ಣು ಮಂಜು. ನೋಡಲೇ ಇಲ್ಲ, ಬೆರಳಲ್ಲಿ ಸವರಿದರು. ಒಂದನ್ನು ಎತ್ತಿ ಹಿಡಿದು, "ಇದರ ಜೊತೆದು ಎಲ್ಲಿ ಮಗಾ?" ಅಂದರು. "ಜೊತೆದಿಲ್ಲ ಅಜ್ಜಿ, ಇದು ಪೀಬೆರಿ." "ಸುಮ್ನಿರು. ಇದರ ಮುಖ ಚಪ್ಪಟೆ ಇತ್ತು. ಇನ್ನೊಂದಕ್ಕೆ ಒರಗಿಕೊಂಡು ಬೆಳೆದದ್ದು ಇದು. ಆ ಇನ್ನೊಂದು ಕಣದಲ್ಲೇ ಎಲ್ಲೋ ಬಿದ್ದಿದೆ, ಹೋಗಿ ತಗೊಂಡು ಬಾ." ಹತ್ತಕ್ಕೆ ಹತ್ತೂ ಸಿಕ್ಕಿಬಿದ್ದವು. ನಿಜವಾದ ಏಳೆಂಟಕ್ಕೂ ಅವತ್ತು ದುಡ್ಡು ಬರಲಿಲ್ಲ.

ನೋಡಿ, ಅಜ್ಜಿ ಆ ಇನ್ನೊಂದು ಬೀಜವನ್ನು ಕಂಡಿರಲಿಲ್ಲ. ಆದರೂ ಅದು ಇದೆ ಅಂತ ಅವರಿಗೆ ಖಾತ್ರಿ. ನಮ್ಮ ಪ್ರಯೋಗಾಲಯದಲ್ಲಿ ನಾವು ಮಾಡುವುದೂ ಇದನ್ನೇ.

ನಮ್ಮ ಕಾಫಿ ಹಣ್ಣು ಯಾವುದು ಅಂದರೆ, ಸಿಲಿಕಾನ್ ಚಿಪ್ ಮೇಲೆ ಕೊರೆದ ಒಂದು ಉಂಗುರ. ಅಗಲ ಸುಮಾರು 20 ಮೈಕ್ರಾನ್, ತಲೆಕೂದಲಿಗಿಂತಲೂ ಕಡಿಮೆ. ಅದರೊಳಗೆ ಲೇಸರ್ ಬೆಳಕು ಬಿಟ್ಟರೆ ಸುತ್ತುತ್ತಲೇ ಇರುತ್ತದೆ. ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿದ್ದೀರಾ? ಈ ಕಡೆ ಪಿಸುಗುಟ್ಟಿದ್ದು ಗೋಡೆ ಹಿಡಿದುಕೊಂಡೇ ಹೋಗಿ ಆ ಕಡೆ ಕೇಳಿಸುತ್ತದೆ. ಸರ್ ಸಿ. ವಿ. ರಾಮನ್ ಕೂಡ ಆ ಪಿಸುಮಾತನ್ನು ಅಧ್ಯಯನ ಮಾಡಿದ್ದರು. ಉಂಗುರದೊಳಗೆ ಬೆಳಕಿನದೂ ಅದೇ ಕಥೆ. ಸುತ್ತಳತೆಗೂ ಬೆಳಕಿನ ಅಲೆಯ ಉದ್ದಕ್ಕೂ ತಾಳೆ ಬಿದ್ದರೆ ಸುತ್ತು ಸುತ್ತಿಗೂ ಬೆಳಕು ಕೂಡಿಕೊಂಡು ಒಳಗೆ ಜೋರಾಗುತ್ತದೆ. ಜೋರಾದಾಗ ಅಪರೂಪಕ್ಕೊಮ್ಮೆ ಲೇಸರಿನ ಎರಡು ಫೋಟಾನ್, ಅಂದರೆ ಬೆಳಕಿನ ಕಣ, ಮಾಯವಾಗಿ, ಅವುಗಳ ಜಾಗದಲ್ಲಿ ಹೊಸ ಎರಡು ಹುಟ್ಟುತ್ತವೆ. ಒಂದಕ್ಕೆ ಶಕ್ತಿ ಸ್ವಲ್ಪ ಜಾಸ್ತಿ, ಇನ್ನೊಂದಕ್ಕೆ ಅಷ್ಟೇ ಕಮ್ಮಿ. ಒಟ್ಟು ಲೆಕ್ಕದಲ್ಲಿ ಒಂದು ಪೈಸೆ ವ್ಯತ್ಯಾಸ ಇಲ್ಲ. ಒಂದು ಸಿಕ್ಕರೆ ಇನ್ನೊಂದು ಇದ್ದೇ ಇದೆ!

ಇಂಥ ಉಂಗುರದಿಂದ ಜೋಡಿ ಬರುತ್ತದೆ ಅಂತ 2009ರಲ್ಲಿ ಬೆಲ್ಜಿಯಂನವರು ತೋರಿಸಿದರು. ಕಷ್ಟ ಇರುವುದು ಆರಿಸುವುದರಲ್ಲಿ. ಒಂದು ಮಿಲಿವ್ಯಾಟ್ ಲೇಸರ್ ಅಂದರೆ ಸೆಕೆಂಡಿಗೆ ಸುಮಾರು 78 ಕೋಟಿ ಕೋಟಿ ಫೋಟಾನ್. ಕೋಟಿ ಅಂತ ಎರಡು ಸಲ ಬೇಕೆಂದೇ ಹೇಳಿದೆ. ಅದರ ಮಧ್ಯೆ ನಮ್ಮ ಜೋಡಿಗಳು ಕೆಲವು ಲಕ್ಷ ಸಿಕ್ಕರೆ ಹಬ್ಬ. ಲೇಸರಿನದನ್ನೆಲ್ಲ ಸೋಸಿ ತೆಗೆದು ಇವನ್ನಷ್ಟೇ ಉಳಿಸಿಕೊಳ್ಳಬೇಕು. ಸಾಲದ್ದಕ್ಕೆ ಉಂಗುರ ಒಂದು ಡಿಗ್ರಿ ಬಿಸಿಯಾದರೂ ಶ್ರುತಿ ತಪ್ಪುತ್ತದೆ.

ಇಲ್ಲಿ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ತಪ್ಪು ನನ್ನದೇ, ಅಜ್ಜಿ ಕಥೆ ಜಾಸ್ತಿಯಾಯಿತು.

ಉಪಯೋಗ ಏನು? ಇದರಿಂದ ಮೊಬೈಲ್ ಸ್ಪೀಡ್ ಆಗುತ್ತಾ ಅಂತ ಹೋದಲ್ಲೆಲ್ಲ ಕೇಳುತ್ತಾರೆ. ಇಲ್ಲ, ಆಗುವುದಿಲ್ಲ. ಇಂಥ ಸಣ್ಣ ಕಣಗಳ ವಿಜ್ಞಾನಕ್ಕೆ ಕ್ವಾಂಟಮ್ ಅನ್ನುತ್ತಾರೆ. ಆದರೆ ಕ್ವಾಂಟಮ್ ಅಂತ ಹೆಸರಿಟ್ಟು ಮಾರುವ ಬಳೆಗೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಕೊಳ್ಳಬೇಡಿ. ಇದರ ಕೆಲಸ ಗುಟ್ಟು ಕಾಯುವುದು. ಜೋಡಿಯಲ್ಲಿ ಒಂದು ನಿಮ್ಮ ಹತ್ತಿರ, ಇನ್ನೊಂದು ನನ್ನ ಹತ್ತಿರ. ಮಧ್ಯದಲ್ಲಿ ಯಾರಾದರೂ ಕದ್ದು, ಬದಲಿಗೆ ತಿಕ್ಕಿ ಗುಂಡಗೆ ಮಾಡಿದ್ದನ್ನು ಇಟ್ಟರೆ, ನಾವಿಬ್ಬರೂ ತಾಳೆ ನೋಡಿದಾಗ ಸಿಕ್ಕಿಬೀಳುತ್ತಾರೆ. ಹೀಗೆ ಒಂದರ ಗುಣ ಇನ್ನೊಂದರ ಜೊತೆ ಹೆಣೆದುಕೊಂಡ ಜೋಡಿ ಫೋಟಾನುಗಳ ಪ್ರಯೋಗಕ್ಕೇ 2022ರಲ್ಲಿ ವಿಜ್ಞಾನಿಗಳಾದ ಆಸ್ಪೆ, ಕ್ಲಾಸರ್, ಝೈಲಿಂಗರ್ ಅವರಿಗೆ ನೊಬೆಲ್ ಬಂದದ್ದು.

ಇದಕ್ಕೆ ಹೊಸ ತಂತಿಯೂ ಬೇಕಾಗಿಲ್ಲ. ಈ ಜೋಡಿಗಳ ಅಲೆಯುದ್ದ 1550 ನ್ಯಾನೋಮೀಟರ್ ಆಸುಪಾಸು. ಫೋನು, ಇಂಟರ್ನೆಟ್ಟಿನ ದೂರದ ಕೇಬಲ್‌ಗಳಲ್ಲಿ ಈಗ ಓಡುತ್ತಿರುವುದೂ ಅದೇ ಬೆಳಕು. ನಮ್ಮ ಬಿ.ಎಂ. ರಸ್ತೆ, ಅಂದರೆ ಬೆಂಗಳೂರು-ಮಂಗಳೂರು ರಸ್ತೆ ಬದಿ ಅಗೆದು ಹೂಳುತ್ತಾರಲ್ಲ, ಆ ಥರದ ಗಾಜಿನೆಳೆಯಲ್ಲೇ ಇವೂ ಹೋಗುತ್ತವೆ. ಅಗೆದ ಗುಂಡಿ ಯಾವಾಗ ಮುಚ್ಚುತ್ತಾರೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ನಮಸ್ಕಾರ.