ಮಾಡ್ಯೂಲ್ ಬದಲಾಯಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ದಿನಾ ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಿಡಿಯುವವರೇ. ಗಾಡಿಯ ಮಾಡ್ಯೂಲುಗಳು, ಅಂದರೆ ಇಂಜಿನ್, ಬ್ರೇಕು ಇವನ್ನೆಲ್ಲ ನಡೆಸುವ ಪುಟ್ಟ ಕಂಪ್ಯೂಟರುಗಳು, ಒಂದರೊಡನೊಂದು ಮಾತಾಡುವ ಎರಡು ವೈರಿನ ಲೈನು, 1986ರಲ್ಲಿ ಬಾಷ್ ಕಂಪನಿ ಹೊರತಂದ ಕ್ಯಾನ್ ಲೈನು, ಹೇಗೆ ಕೆಲಸ ಮಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೇರ ವಿಷಯಕ್ಕೇ ಬರುತ್ತೇನೆ.

ನಾಲ್ಕೂ ಚಕ್ರ ಎಳೆಯುವ ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಯು 0114 ಕೋಡ್ ಬಂತು ಅನ್ನಿ. ಹಿಂದಿನ ಚಕ್ರಕ್ಕೆ ಎಳೆತ ಕೊಡಿಸುವ ಕ್ಲಚ್ ಕಂಟ್ರೋಲ್ ಮಾಡ್ಯೂಲಿನ ಸಂಪರ್ಕ ತಪ್ಪಿದೆ ಅಂತ ಅದು ಹೇಳುತ್ತದೆ. ಮಾಡ್ಯೂಲ್ ಸತ್ತಿದೆ ಅಂತ ಎಲ್ಲೂ ಹೇಳುವುದಿಲ್ಲ. ಆ ಕೋಡ್ ಬರೆದದ್ದು ಬ್ರೇಕಿನ ಎಬಿಎಸ್ಸೋ ಇಂಜಿನ್ನಿನದೋ ಮಾಡ್ಯೂಲು, ಅಲ್ವಾ? ಅದಕ್ಕೇ ಮೊದಲು ಯಾರು ಯಾರ ಮೇಲೆ ದೂರು ಕೊಟ್ಟಿದ್ದಾರೆ ನೋಡಿ. ಎಲ್ಲರೂ ಒಬ್ಬನ ಮೇಲೇ ಹೇಳಿದರೆ ಅವನ ಕರೆಂಟು, ಅರ್ಥ್, ಅವನಿಗೆ ಹೋಗುವ ವೈರು ನೋಡಬೇಕು. ಎಲ್ಲರೂ ಎಲ್ಲರ ಮೇಲೂ ಹೇಳಿದರೆ ಮುಖ್ಯ ಲೈನಿಗೇ ಪೆಟ್ಟು.

ಸಕಲೇಶಪುರದ ಕಡೆಯಿಂದ ಎಸ್ಟೇಟಿನವರೊಬ್ಬರು ಗಾಡಿ ತಂದಿದ್ದರು. "ಮಳೇಲಿ ಏರು ಹತ್ತುವಾಗ ಮುಂದಿನ ಚಕ್ರ ಸುಮ್ನೆ ತಿರುಗುತ್ತೆ, ಹಿಂದಿನದು ಎಳೆಯೋದೇ ಇಲ್ಲ ಸಾರ್" ಅಂದರು. ಬೇರೆ ಕಡೆ ಹೊಸ ಮಾಡ್ಯೂಲ್ ಹಾಕಿಸಿಕೊಂಡೇ ಬಂದಿದ್ದರು. ಕೋಡ್ ಮಾತ್ರ ಅದೇ! ಬ್ಯಾಟರಿ ಟರ್ಮಿನಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನಲ್ಲಿ ಕ್ಯಾನ್ ವೈರುಗಳು ಬರುವ 6 ಮತ್ತು 14ನೇ ಪಿನ್ ಮಧ್ಯೆ ಮೀಟರ್ ಇಟ್ಟೆವು. 60 ಓಮ್. ಲೈನಿನ ಎರಡೂ ತುದಿಯ 120 ಓಮ್ ರೆಸಿಸ್ಟರ್ ಪ್ಯಾರಲಲ್ ಆಗಿ ಸೇರಿದರೆ 60 ಬರುತ್ತದೆ, ಹಾಗಾಗಿ ಎರಡೂ ಸರಿಯಾಗಿವೆ ಅಂತಾಯ್ತು. 120 ಬಂದಿದ್ದರೆ ಒಂದು ತುದಿ ಬಿಟ್ಟುಹೋಗಿದೆ ಅಂತ, ಸೊನ್ನೆಯ ಹತ್ತಿರ ಬಂದಿದ್ದರೆ ಎರಡು ವೈರೂ ಒಂದಕ್ಕೊಂದು ತಾಗಿವೆ ಅಂತ. ಲೈನಿಂದ ಲೈನಿಗೆ ಸಂದೇಶ ದಾಟಿಸುವ ಗೇಟ್‌ವೇ ಮಾಡ್ಯೂಲ್ ಇರುವ ಗಾಡಿಗಳಲ್ಲಿ ಈ ಪಿನ್ನುಗಳು ಬೇರೆ ಲೈನಿಗೆ ಹೋಗಿರಬಹುದು, ಸರ್ಕ್ಯೂಟ್ ಚಿತ್ರ ನೋಡಿಕೊಳ್ಳಿ.

ಟರ್ಮಿನಲ್ ವಾಪಸ್ ಹಾಕಿ ಗಾಡಿ ಮೇಲೆತ್ತಿದೆವು. ಹಿಂದಿನ ಡಿಫರೆನ್ಷಿಯಲ್ ಪಕ್ಕ ಮಾಡ್ಯೂಲಿಗೆ ವೈರು ಕೂಡಿಸುವ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಕರೆಂಟು ಮತ್ತು ಅರ್ಥ್ ಪಿನ್ನಿಗೆ ಮೀಟರ್ ಹಿಡಿದರೆ 12 ವೋಲ್ಟ್ ಬರ್ತಿದೆ. ಎಷ್ಟೋ ಜನ ಇಲ್ಲೇ ನಿಲ್ಲಿಸಿ ಮಾಡ್ಯೂಲಿನ ಮೇಲೆ ತಪ್ಪು ಹೊರಿಸುತ್ತಾರೆ. ನಾವು ಅದೇ ಎರಡು ಪಿನ್ನಿಗೆ 21 ವ್ಯಾಟಿನ ಬಲ್ಬ್ ಕೊಟ್ಟೆವು. ಮಿಣುಕಿತು, ಉರಿಯಲಿಲ್ಲ. ಮೀಟರ್ ಎಳೆಯುವ ಕರೆಂಟು ಇಲ್ಲವೆಂಬಷ್ಟು ಕಮ್ಮಿ, ಕೆಟ್ಟ ಜಾಯಿಂಟಲ್ಲೂ ಪೂರ್ತಿ ವೋಲ್ಟೇಜ್ ತೋರಿಸಿಬಿಡುತ್ತದೆ. ಅರ್ಥ್ ಪಿನ್ನಿನ ಸೀಲ್ ಹರಿದಿತ್ತು. ಒಳಗೆ ಹಸಿರು ಕಿಲುಬು. ಪಿನ್ನು, ಸೀಲು ಹೊಸದು ಹಾಕಿ ಕೋಡ್ ಅಳಿಸಿದೆವು. ಹಿಂದಿನ ಚಕ್ರ ಎಳೆಯತೊಡಗಿತು. ಅವರು ಮಾಡ್ಯೂಲಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು, ಅಳೆಯದೆ ಮಾಡ್ಯೂಲ್ ಬದಲಾಯಿಸಬೇಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಉಳಿದದ್ದು ಬೇಗ ಹೇಳುತ್ತೇನೆ. ಲೈನ್ ಸುಮ್ಮನಿದ್ದಾಗ ಎರಡು ವೈರಲ್ಲೂ ಸುಮಾರು 2.5 ವೋಲ್ಟ್ ಇರಬೇಕು. ಮಾತಾಡುವಾಗ ಹೈ ಅನ್ನುವ ವೈರು 3.5ಕ್ಕೆ ಏರುತ್ತದೆ, ಲೋ ಅನ್ನುವುದು 1.5ಕ್ಕೆ ಇಳಿಯುತ್ತದೆ. ಬ್ಯಾಟರಿ ಸೋತಿದ್ದರೂ ಯು ಕೋಡುಗಳ ಸಾಲೇ ಬರುತ್ತದೆ, ಮೊದಲು ಅದನ್ನು ಪರೀಕ್ಷಿಸಿ. ಕ್ಯಾನ್ ವೈರಿಗೆ ಜಾಯಿಂಟ್ ಹಾಕಿದರೆ ಎರಡು ವೈರೂ ಸುತ್ತಿಕೊಂಡಿರುವ ಹುರಿ ಮೊದಲಿದ್ದ ಹಾಗೇ ಇರಲಿ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಬಗ್ಗೆ ಹೇಳಬೇಕಿತ್ತು, ಹೊತ್ತಿಲ್ಲ. ಹೊರಗೆ ಒಂದು ಗಾಡಿ ನಿಲ್ಲಿಸಿದ್ದೇವೆ. ಮೀಟರ್ ತಂದವರು ಬನ್ನಿ, ಅಲ್ಲೇ ಅಳೆದು ನೋಡೋಣ.