ಸಮಾರಂಭದ ಬಜೆಟ್: ಅಂದಾಜು ಎಲ್ಲಿಂದ ಹುಟ್ಟಬೇಕು?

ಈಗ ತೆರೆಯ ಮೇಲೆ ಕಾಣುತ್ತಿರುವುದು ನನ್ನ ಲೆಕ್ಕದ ಪುಸ್ತಕದ ಒಂದು ಹಾಳೆ. ನಮ್ಮ ಕುಟುಂಬದಲ್ಲಿ ಮುಂದೆ ನಡೆಯಲಿರುವ ಸಮಾರಂಭಕ್ಕೆ ಬಜೆಟ್ ಬರೆಯಲು ಕುಳಿತಿದ್ದೇನೆ. ಎಡಗಡೆಯ ಕಾಲಂನಲ್ಲಿ ಖರ್ಚಿನ ಬಾಬತ್ತುಗಳಿವೆ, ಬಲಗಡೆಯದು ಇನ್ನೂ ಖಾಲಿಯಿದೆ. ಆ ಖಾಲಿ ಜಾಗವನ್ನು ಮನಸ್ಸಿಗೆ ತೋಚಿದ ಮೊತ್ತಗಳಿಂದ ತುಂಬಬಾರದು, ಹಿಂದೆ ನಡೆದ ಇಂಥದೇ ಸಮಾರಂಭಗಳಿಗೆ ನಿಜವಾಗಿ ತಗುಲಿದ ಖರ್ಚಿನಿಂದ ತುಂಬಬೇಕು ಎಂಬುದು ನನ್ನ ನಿಲುವು.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1970ರ ದಶಕದಲ್ಲಿಯೇ ಇದರ ಕಾರಣವನ್ನು ಗುರುತಿಸಿದ್ದರು. ಯೋಜನೆ ಹಾಕುವಾಗ ನಾವು ಎದುರಿಗಿರುವ ಒಂದೇ ಕಾರ್ಯವನ್ನು ಹಂತಹಂತವಾಗಿ ಕಲ್ಪಿಸಿಕೊಂಡು ಕೂಡುತ್ತ ಹೋಗುತ್ತೇವೆ. ಆ ಕಲ್ಪನೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುವುದರಿಂದ, ತಡವಾದದ್ದಕ್ಕೆ ತೆರಬೇಕಾದ ಹಣಕ್ಕಾಗಲಿ, ಕೊನೆಗಳಿಗೆಯ ಖರೀದಿಗಾಗಲಿ ಅಲ್ಲಿ ಸ್ಥಳವೇ ಇರುವುದಿಲ್ಲ. ಅಂಥದೇ ಇತರ ಕಾರ್ಯಗಳು ಹೇಗೆ ಮುಗಿದವು ಎಂಬುದರಿಂದ ಅಂದಾಜನ್ನು ಆರಂಭಿಸಬೇಕೆಂಬುದು ಅವರು ಸೂಚಿಸಿದ ಪರಿಹಾರ. ಪರಿಣತರ ದೊಡ್ಡ ತಂಡಗಳೂ ಈ ದೌರ್ಬಲ್ಯಕ್ಕೆ ಹೊರತಲ್ಲ. ಮಾಂಟ್ರಿಯಲ್ ನಗರದ ಒಲಿಂಪಿಕ್ಸ್ ನಡೆದದ್ದು 1976ರಲ್ಲಿ. ಅದರ ಸಾಲ ಪೂರ್ತಿ ತೀರಿದ್ದು 2006ರಲ್ಲಿ.

ಮನೆಯ ಮಟ್ಟದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅಬಿಗೇಲ್ ಸಸ್‌ಮನ್ ಮತ್ತು ಆಡಮ್ ಆಲ್ಟರ್ 2012ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅಪರೂಪದ ಖರ್ಚುಗಳು ಒಟ್ಟಾರೆ ಎಷ್ಟು ಬಾರಿ ಬರುತ್ತವೆ ಎಂಬುದನ್ನು ಜನರು ಕಡಿಮೆ ಎಣಿಸುತ್ತಾರೆ, ಮತ್ತು ಪ್ರತಿಯೊಂದನ್ನೂ ‘ಇದು ಇದೊಂದೇ ಸಲ’ ಎಂದು ಬಿಡಿಯಾಗಿ ನೋಡುವುದರಿಂದ ಪ್ರತಿ ಸಲವೂ ಕೈ ಸಡಿಲ ಬಿಡುತ್ತಾರೆ. ಸಮಾರಂಭವೆಂದರೆ ಇಂಥ ಅಪರೂಪದ ಖರ್ಚುಗಳ ಸಮೂಹವೇ. ಆದ್ದರಿಂದ ಬಂಧುಗಳಲ್ಲಿಯೋ ಸ್ನೇಹಿತರಲ್ಲಿಯೋ ಈಚೆಗೆ ಇಂಥ ಕಾರ್ಯ ನಡೆಸಿದವರನ್ನು ಸಂಕೋಚವಿಲ್ಲದೆ ಕೇಳಿ. ಅವರು ಹಾಕಿಕೊಂಡಿದ್ದ ಬಜೆಟ್ ಎಷ್ಟಿತ್ತು, ಕೊನೆಗೆ ಕೈಯಿಂದ ಹೋದದ್ದೆಷ್ಟು ಎಂಬ ಎರಡು ಮೊತ್ತಗಳನ್ನೂ ಕೇಳಿ, ಏಕೆಂದರೆ ನಿಮಗೆ ಹೆಚ್ಚು ಕಲಿಸುವುದು ಆ ಎರಡರ ನಡುವಿನ ಅಂತರ.

ಈಗ ಬಾಬತ್ತುಗಳನ್ನು ನೋಡೋಣ. ಸ್ಥಳದ ಬಾಡಿಗೆ, ಛಾಯಾಗ್ರಹಣ, ಧ್ವನಿವರ್ಧಕ ಇವು ಎಷ್ಟು ಜನ ಬಂದರೂ ಬಹುಮಟ್ಟಿಗೆ ಒಂದೇ. ಊಟ, ಆಸನ, ಉಡುಗೊರೆ, ವಸತಿ ಇವು ತಲೆಗೆ ಇಷ್ಟರಂತೆ ಬೆಳೆಯುವ ಖರ್ಚುಗಳು. ಒಟ್ಟು ಬಜೆಟ್ಟಿನ ಶೇಕಡಾ 60ರಷ್ಟು ಈ ಎರಡನೆಯ ಬಗೆಗೆ ಸೇರಿದೆ ಎಂದಿಟ್ಟುಕೊಳ್ಳಿ. ಅತಿಥಿಗಳ ಸಂಖ್ಯೆ 100ರಿಂದ 120ಕ್ಕೆ ಏರಿದರೆ, ಒಟ್ಟು ಖರ್ಚು ಶೇಕಡಾ 12ರಷ್ಟು ಹೆಚ್ಚುತ್ತದೆ. ಆಕಸ್ಮಿಕಕ್ಕೆಂದು ನೀವು ಶೇಕಡಾ 10ರಷ್ಟು ಹಣವನ್ನು ಎತ್ತಿಟ್ಟಿದ್ದರೆ, ಯಾವ ಆಕಸ್ಮಿಕವೂ ಘಟಿಸದೆಯೇ ಅದು ಮುಗಿದುಹೋಯಿತು! ಅಲಂಕಾರದ ಹೂವಿನಲ್ಲಿ ಉಳಿಸಲು ವಾರಗಟ್ಟಲೆ ಚೌಕಾಸಿ ಮಾಡುವ ಕುಟುಂಬಗಳು ಆಹ್ವಾನಿತರ ಪಟ್ಟಿಯನ್ನು ಮಾತ್ರ ಕೊನೆಯವರೆಗೂ ತೆರೆದೇ ಇಡುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಪಟ್ಟಿ ಮೊದಲು ಗಟ್ಟಿಯಾಗಲಿ, ದರದ ಮಾತು ಆಮೇಲೆ ಬರಲಿ.

ಕೊಟೇಶನ್ ಪಡೆಯುವಾಗ ತೆರಿಗೆ, ಸಾಗಣೆ, ಜೋಡಿಸಿ ಬಿಚ್ಚುವ ಕೂಲಿ, ಹೆಚ್ಚುವರಿ ಗಂಟೆಯ ದರ, ಶುಚಿಗೊಳಿಸುವ ಶುಲ್ಕ ಎಲ್ಲವೂ ಸೇರಿವೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆದುಕೊಳ್ಳಿ.

ಇನ್ನು ಉಳಿತಾಯದ ವಿಚಾರ. ಸಮಾರಂಭಕ್ಕೆ 10 ತಿಂಗಳಿದೆ, ಒಟ್ಟು ಮೊತ್ತವನ್ನು 10ರಿಂದ ಭಾಗಿಸಿ ತಿಂಗಳಿಗಿಷ್ಟು ಎತ್ತಿಟ್ಟರಾಯಿತು ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇರುತ್ತದೆ. ಆದರೆ 4ನೆಯ ತಿಂಗಳ ಕೊನೆಯ ಹೊತ್ತಿಗೆ ಮುಂಗಡಗಳ ರೂಪದಲ್ಲಿ ಒಟ್ಟು ಖರ್ಚಿನ ಅರ್ಧವನ್ನು ಕೊಡಬೇಕಾಗಿ ಬಂದರೆ, ನಿಮ್ಮ ಬಳಿ ಆಗ ಇರುವುದು ಶೇಕಡಾ 40 ಮಾತ್ರ. ಸಾಲದ ಮೊದಲ ಕಂತು ಹುಟ್ಟಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ, ಒಟ್ಟು ಹಣ ಸಾಲದೆ ಅಲ್ಲ, ಆ ದಿನಕ್ಕೆ ಸಾಲದೆ. ಹೀಗಾಗಿ ನನ್ನ ಹಾಳೆಯಲ್ಲಿ ಪ್ರತಿ ಬಾಬತ್ತಿನ ಮುಂದೆ ಮೊತ್ತದ ಜೊತೆಗೆ ಪಾವತಿಯ ದಿನಾಂಕಕ್ಕೂ ಜಾಗವಿದೆ. ಮಾಸಿಕ ಉಳಿತಾಯ ಆ ದಿನಾಂಕಗಳಿಗೆ ಹೊಂದದಿದ್ದರೆ, ಮುಂಗಡವನ್ನು ಎರಡು ಕಂತು ಮಾಡಲು ಒಪ್ಪಂದಕ್ಕೆ ಮುನ್ನವೇ ಕೇಳಬೇಕು, ಇಲ್ಲವೇ ಸಮಾರಂಭದ ದಿನವನ್ನೇ ಮುಂದೆ ಹಾಕಬೇಕು.

ಆಕಸ್ಮಿಕದ ಹಣವನ್ನು ನಾನು ಬೇರೆ ಖಾತೆಯಲ್ಲಿ ಇಡುತ್ತೇನೆ. ಅದನ್ನು ಬಳಸಲು ಮನೆಯ ಇಬ್ಬರ ಒಪ್ಪಿಗೆ ಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಯಾವುದಾದರೂ ಬಾಬತ್ತಿಗೆ ದರ ಏರಿದರೆ, ಮೊದಲು ಪಟ್ಟಿಯಲ್ಲಿರುವ ಮತ್ತೊಂದನ್ನು ಇಳಿಸಲು ನೋಡುತ್ತೇವೆ, ಆ ಖಾತೆಗೆ ಕೈ ಹಾಕುವುದು ಆಮೇಲೆ.

ಹಾಳೆಯ ತೀರ ಬಲಕ್ಕೆ ಇನ್ನೊಂದು ಕಾಲಂ ಎಳೆದಿದ್ದೇನೆ, ಅದು ನಿಜವಾದ ಖರ್ಚಿಗೆ. ಸಮಾರಂಭ ಮುಗಿದ ವಾರದೊಳಗೆ, ರಸೀದಿಗಳು ಕೈಯಲ್ಲಿರುವಾಗಲೇ ಅದನ್ನು ತುಂಬಿ, ಈ ಹಾಳೆಯ ಪ್ರತಿಯನ್ನು ಮುಂದೆ ಇಂಥ ಕಾರ್ಯ ಮಾಡಲಿರುವ ತಂಗಿಗೆ ಕೊಡುತ್ತೇನೆ.