ಮಂಕಾಗಿದೆ ಎಂದ ಮಾತ್ರಕ್ಕೆ ಸಣ್ಣದಲ್ಲ

ಎಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೊ ಹಚ್ಚಿಕೊಂಡಿರುವವರು ಯಾರಿರಬಹುದು ಎಂದು ಬರುವ ದಾರಿಯಲ್ಲಿ ಯೋಚಿಸುತ್ತಿದ್ದೆ. ಶಿರಸಿ, ಸಿದ್ದಾಪುರದ ಕಡೆ ಕೊನೆ ಕೊಯ್ಲಿನ ಗಡಿಬಿಡಿ. ರಾತ್ರಿಯ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುವವರ ನಡುವೆ ಒಂದು ರೇಡಿಯೊ ಇರುತ್ತದೆ. ಇತ್ತ ಕರಾವಳಿಯಲ್ಲಿ ಜಗುಲಿಯ ಮೇಲೆ ಹರಿದ ಬಲೆ ಹೆಣೆಯುತ್ತ ಕುಳಿತವರ ಪಕ್ಕದಲ್ಲೂ ಒಂದು ಇರುತ್ತದೆ. ನಿಮ್ಮ ಕೈ ಕೆಲಸ ನಡೆಯಲಿ. ಕಿವಿ ಮಾತ್ರ ಸ್ವಲ್ಪ ಹೊತ್ತು ಇತ್ತ ಕೊಡಿ. ಗ್ರಹಣದ ಬಗ್ಗೆಯೋ ರಾಶಿಫಲದ ಬಗ್ಗೆಯೋ ಹೇಳುತ್ತಾರೆ ಎಂದು ಕಾದಿದ್ದವರು ಕ್ಷಮಿಸಬೇಕು. ಅವೆರಡನ್ನೂ ಹೇಳುವವರು ಊರಿಗೆ ಹತ್ತು ಜನ ಇದ್ದಾರೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಕಾಶದಲ್ಲಿ ಒಂದು ವಸ್ತು ಮಂಕಾಗಿದೆ ಎಂದ ಮಾತ್ರಕ್ಕೆ ಅದು ಸಣ್ಣದಲ್ಲ. ಹದಿನೈದು ನಿಮಿಷದಲ್ಲಿ ಇದನ್ನು ನಾಲ್ಕಾರು ಸಲ ಹೇಳುತ್ತೇನೆ, ಬೇಸರಪಡಬೇಡಿ.

ಹೇಳಲು ಹೊರಟಿರುವ ವಸ್ತುವಿಗೆ ಹೆಸರೂ ಸರಿಯಾಗಿ ಇಲ್ಲ, ಬರೀ ನಂಬರು: ಎನ್‌ಜಿಸಿ 2419. ಇದೊಂದು ಗೋಳಗುಚ್ಛ. ಗೋಳಗುಚ್ಛ ಎಂದರೆ ಲಕ್ಷಗಟ್ಟಲೆ ನಕ್ಷತ್ರಗಳು ತಮ್ಮತಮ್ಮ ಸೆಳೆತದಿಂದಲೇ ಒಟ್ಟುಗೂಡಿ ನಿಂತ ಉಂಡೆ. ನಡುವೆ ದಟ್ಟ, ಅಂಚಿಗೆ ಬಂದಂತೆ ತೆಳು. ರವೆ ಉಂಡೆಯನ್ನು ತಟ್ಟೆಯಲ್ಲಿಟ್ಟಾಗ ಸುತ್ತ ಒಂದಿಷ್ಟು ರವೆ ಉದುರಿರುತ್ತದಲ್ಲ, ಹಾಗೆ. ನಮ್ಮ ಕ್ಷೀರಪಥದ ಸುತ್ತ ಇಂಥವು ನೂರೈವತ್ತಕ್ಕೂ ಹೆಚ್ಚು ಗೊತ್ತಾಗಿವೆ. ಕೆಲವು ಬರಿಗಣ್ಣಿಗೇ ಕಾಣುತ್ತವೆ. ಏಪ್ರಿಲ್, ಮೇ ತಿಂಗಳ ರಾತ್ರಿ ಕಾರವಾರದಿಂದ ತೆಂಕಣ ದಿಕ್ಕಿಗೆ ನೋಡಿದರೆ ಓಮೆಗಾ ಸೆಂಟಾರಿ ಎಂಬುದು ಸ್ವಲ್ಪ ಕದಡಿದ ನಕ್ಷತ್ರದ ಹಾಗೆ ಕಾಣುತ್ತದೆ. ಅದು ಗೋಳಗುಚ್ಛಗಳಲ್ಲಿ ಯಜಮಾನ, ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಮಾತ್ರ ಈ 2419ರ ಮೇಲೆ ಪ್ರೀತಿ.

ಇದನ್ನು ಮೊದಲು ಕಂಡವರು ವಿಲಿಯಂ ಹರ್ಷಲ್, ಯುರೇನಸ್ ಗ್ರಹವನ್ನು ಕಂಡುಹಿಡಿದವರು. ಅಂದು 1788ರ ಡಿಸೆಂಬರ್ 31. ಊರೆಲ್ಲ ಹೊಸ ವರ್ಷಕ್ಕೆ ಕಾಯುತ್ತಿರುವ ಆ ಚಳಿಯಲ್ಲಿ ಈ ಮನುಷ್ಯ ಹೊರಗೆ ನಿಂತು ದೂರದರ್ಶಕ ನೋಡುತ್ತಿದ್ದರು. ಅವರಿಗೂ ಕಂಡದ್ದು ಒಂದು ಮಸುಕು ಕಲೆ ಅಷ್ಟೇ. ಅದು ನಕ್ಷತ್ರಗಳ ಉಂಡೆ ಎಂದು ಗೊತ್ತಾಗಲು ಇನ್ನೂ ನೂರಮೂವತ್ತು ವರ್ಷ ಬೇಕಾಯಿತು. 1922ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದ ಲ್ಯಾಂಪ್‌ಲ್ಯಾಂಡ್ ಎಂಬವರು ಅದನ್ನು ಗುರುತಿಸಿದರು.

ಈಗ ಒಂದು ಕಥೆ ಹೇಳಬೇಕು. ಇದನ್ನು ಹೇಳದೆ ನನಗೆ ಮುಂದೆ ಹೋಗಲು ಬರುವುದಿಲ್ಲ.

ಸುಮಾರು ಹತ್ತು ವರ್ಷದ ಹಿಂದೆ, ಇಂಥದೇ ಜನವರಿ, ಅಮಾವಾಸ್ಯೆಯ ಆಸುಪಾಸು. ನನ್ನ ಎಂಟು ಇಂಚು ಕನ್ನಡಿಯ ದೂರದರ್ಶಕವನ್ನು ಟೆಂಪೋದಲ್ಲಿ ಹಾಕಿಕೊಂಡು ಅಂಕೋಲೆಯ ಕಡೆಯ ಒಂದು ಮೀನುಗಾರರ ಹಳ್ಳಿಗೆ ಹೋಗಿದ್ದೆ. ಮೊದಲು ಕಾರವಾರದ ಕಡಲತೀರದಲ್ಲೇ ನಿಲ್ಲಿಸಿ ನೋಡಿದ್ದೆ, ದೀಪಗಳ ಝಗಮಗದಲ್ಲಿ ನಕ್ಷತ್ರಗಳೇ ನಾಚಿಕೊಂಡು ಒಳಗೆ ಹೋಗಿದ್ದವು. ಹಳ್ಳಿಯಲ್ಲಿ ಗಾಳಿಮರಗಳ ಆಚೆ ಒಳ್ಳೆಯ ಕತ್ತಲೆ. ಮೂವತ್ತು ಮಕ್ಕಳು, ಅವರ ಹಿಂದೆ ಅವರ ಅಮ್ಮಂದಿರು. ಮೊದಲು ಮೃಗಶಿರದ ಬೇಟೆಗಾರನ ನಡುಪಟ್ಟಿಯ ಕೆಳಗಿನ ನೀಹಾರಿಕೆಯನ್ನು ತೋರಿಸಿದೆ. ಎಲ್ಲರಿಗೂ ಖುಷಿ. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆಸೆ ನೋಡಿ, ಕೊಳವೆಯನ್ನು 2419ರ ಕಡೆ ತಿರುಗಿಸಿಬಿಟ್ಟೆ.

ಸಾಲು ನಿಂತಿತು. ಒಬ್ಬೊಬ್ಬರೇ ಬಂದು ಇಣುಕಿ ನೋಡಿ "ಏನೂ ಇಲ್ಲ ಸರ್" ಎನ್ನುವವರೇ. ಒಬ್ಬಳು ಹುಡುಗಿ ಮಾತ್ರ ಬಹಳ ಹೊತ್ತು ನೋಡಿ "ಕನ್ನಡಿಗೆ ಉಸಿರು ತಾಗಿದ ಹಾಗಿದೆ" ಎಂದಳು. ಇಷ್ಟು ವರ್ಷದಲ್ಲಿ ಅದನ್ನು ಅದಕ್ಕಿಂತ ಚೆನ್ನಾಗಿ ವರ್ಣಿಸಿದವರನ್ನು ನಾನು ಕಂಡಿಲ್ಲ. ಕೊನೆಗೆ ಒಬ್ಬರು ಹಿರಿಯರು ಬಂದರು, ಎಪ್ಪತ್ತು ದಾಟಿದವರು, ಬೋಟಿನಲ್ಲಿ ತಾಂಡೇಲರಾಗಿ, ಎಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ದುಡಿದು ನಿವೃತ್ತರಾದವರು. ನೋಡಿದರು. ತಲೆಯೆತ್ತಿದರು. "ಇಷ್ಟೇನಾ ಮಾಸ್ತರರೇ? ಇದಕ್ಕೆ ಮಕ್ಕಳನ್ನು ಇಷ್ಟು ಹೊತ್ತು ಚಳಿಯಲ್ಲಿ ನಿಲ್ಲಿಸಿದಿರಾ?"

ನನಗೆ ಸ್ವಲ್ಪ ಸಿಟ್ಟು ಬಂತು, ಸುಳ್ಳು ಏಕೆ ಹೇಳಲಿ. ಕಾಲೇಜಿನ ಪಾಠ ಶುರುಮಾಡಿದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ, ದೂರ ಹತ್ತು ಪಟ್ಟಾದರೆ ನೂರರಲ್ಲೊಂದು ಪಾಲು, ಇತ್ಯಾದಿ. ಮಕ್ಕಳು ಆಕಳಿಸಿದರು. ತಾಂಡೇಲರು ಮಾತ್ರ ಕೈಕಟ್ಟಿ ಕೇಳುತ್ತಿದ್ದರು. ನಡುವೆ ನನ್ನನ್ನು ತಡೆದು "ನಿಲ್ಲಿ, ನಾನು ಹೇಳುತ್ತೇನೆ" ಎಂದು ಮಕ್ಕಳನ್ನೆಲ್ಲ ಕಡಲಿನ ಕಡೆ ತಿರುಗಿಸಿ ನಿಲ್ಲಿಸಿದರು. ಅವರು ಮಾತನಾಡಿದ್ದು ಕೊಂಕಣಿ ಬೆರೆತ ಕನ್ನಡ. ಅದರ ಸೊಗಸನ್ನು ಕೆಡಿಸಿ ಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದೇನೆ, ಅವರ ಕ್ಷಮೆ ಇರಲಿ.

"ಅಲ್ಲಿ ಎರಡು ದೀಪ ಕಾಣುತ್ತಿವೆ. ಯಾವುದು ದೊಡ್ಡದು?" ಎಂದು ಕೇಳಿದರು. ಒಂದು ಚೆನ್ನಾಗಿ ಉರಿಯುತ್ತಿತ್ತು. ಇನ್ನೊಂದು ಕಡಲು ಮುಗಿಯುವ ಅಂಚಿನಲ್ಲಿ ಕಂಡೂ ಕಾಣದ ಹಾಗೆ ಮಿಣಕ್ಕೆಂದು ಮಾಯವಾಗುತ್ತಿತ್ತು. ಮಕ್ಕಳೆಲ್ಲ ಉರಿಯುವ ದೀಪಕ್ಕೆ ಕೈತೋರಿದರು. ನಾನೂ ಮನಸ್ಸಿನಲ್ಲಿ ಅದಕ್ಕೇ ತೋರಿದ್ದೆ. ತಾಂಡೇಲರು ನಕ್ಕರು. "ಅದು ನನ್ನ ಅಳಿಯನ ಪಾತಿ ದೋಣಿ. ಏಡಿ ಬಲೆ ಬಿಡಲು ಹೋಗಿದ್ದಾನೆ. ಅವನ ಬ್ಯಾಟರಿ ದೀಪ ನನ್ನ ಅಂಗೈಯಷ್ಟಿದೆ. ಈಗ ಆ ಮಂಕು ದೀಪ ನೋಡಿ. ನೇರ ನೋಡಬೇಡಿ, ಪಕ್ಕದ ಕತ್ತಲೆಯನ್ನು ನೋಡಿ, ಅದು ತಾನೇ ಕಾಣುತ್ತದೆ. ಕಂಡಿತೇ? ಎಣಿಸಿ."

ಮಕ್ಕಳು ಎಣಿಸಿದರು. ಮಿಣಕ್. ಒಂದು, ಎರಡು, ಮೂರು... ಮಿಣಕ್. ಮತ್ತೆ ಎಣಿಸಿದರು. ಪ್ರತಿ ಸಲವೂ ಅದೇ ಲೆಕ್ಕ. "ಅದು ಲೈಟ್‌ಹೌಸ್. ಗುಡ್ಡದ ಮೇಲಿನ ಆಳೆತ್ತರದ ದೀಪ. ಪ್ರತಿ ಲೈಟ್‌ಹೌಸಿಗೂ ಅದರದೇ ಎಣಿಕೆ ಇರುತ್ತದೆ. ಎಣಿಕೆ ತಿಳಿದರೆ ಅದು ಯಾವುದು ಎಂದು ತಿಳಿಯಿತು. ಯಾವುದು ಎಂದು ತಿಳಿದರೆ ಅದರ ದೀಪ ಎಷ್ಟು ದೊಡ್ಡದು ಎಂದು ತಿಳಿಯಿತು. ಅಷ್ಟು ದೊಡ್ಡ ದೀಪ ಇಷ್ಟು ಮಂಕಾಗಿ ಕಾಣುತ್ತಿದೆ ಎಂದರೆ ನಾನು ಎಷ್ಟು ದೂರ ಬಂದಿದ್ದೇನೆ? ನನ್ನ ಅಪ್ಪ ಕಲಿಸಿದ್ದು ಇದು. ಈಗಿನ ಹುಡುಗರು ಮೊಬೈಲ್ ನೋಡುತ್ತಾರೆ, ಎಣಿಸುವುದಿಲ್ಲ" ಎಂದು ಆಮೇಲೆ ಈಗಿನ ಹುಡುಗರ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ಅದನ್ನು ಇಲ್ಲಿ ಬಿಡೋಣ.

ಮೂವತ್ತು ವರ್ಷ ಭೌತವಿಜ್ಞಾನ ಪಾಠ ಮಾಡಿದವನು ನಾನು. ಆ ರಾತ್ರಿ ಮರಳಿನ ಮೇಲೆ ಬಾಯಿ ತೆರೆದು ನಿಂತಿದ್ದೆ. ಏಕೆಂದರೆ ತಾಂಡೇಲರು ಹೇಳಿದ್ದು ಖಗೋಳ ವಿಜ್ಞಾನದ ಒಂದು ದೊಡ್ಡ ಉಪಾಯವನ್ನೇ. ಗೋಳಗುಚ್ಛಗಳಲ್ಲಿ ಆರ್‌ಆರ್ ಲೈರೇ ಎಂಬ ಜಾತಿಯ ನಕ್ಷತ್ರಗಳಿರುತ್ತವೆ. ಅವು ಮಿಡಿಯುತ್ತವೆ. ಉಬ್ಬಿ ಕುಗ್ಗಿ, ಬೆಳಕು ಏರಿ ಇಳಿದು, ಸುಮಾರು ಅರ್ಧ ದಿನಕ್ಕೊಂದು ಸುತ್ತು. ಆ ಎಣಿಕೆ ಕಂಡೊಡನೆ ಯಾವ ಜಾತಿ ಎಂದು ತಿಳಿಯುತ್ತದೆ. ಆ ಜಾತಿಯ ನಕ್ಷತ್ರದ ನಿಜವಾದ ಬೆಳಕು ನಮ್ಮ ಸೂರ್ಯನ ನಲವತ್ತು ಐವತ್ತು ಪಟ್ಟು. ಇನ್ನು ಉಳಿದದ್ದು ತಾಂಡೇಲರ ಲೆಕ್ಕ: ಅಷ್ಟು ಬೆಳಕು ಇಷ್ಟು ಮಂಕಾಗಬೇಕಾದರೆ ಎಷ್ಟು ದೂರ? ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ 1935ರಲ್ಲಿ 2419ರೊಳಗಿನ ಇಂಥ ನಕ್ಷತ್ರಗಳನ್ನು ಹುಡುಕಿ ಈ ಲೆಕ್ಕ ಹಾಕಿದರು. ಈಗಿನ ಅಳತೆಯ ಪ್ರಕಾರ ಅದು ಸುಮಾರು 2,75,000 ಜ್ಯೋತಿರ್ವರ್ಷ ದೂರದಲ್ಲಿದೆ. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ. ಅಂದರೆ ಈ ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಭೂಮಿಯಲ್ಲಿ ಯಾರೂ ಅಡಿಕೆ ಸಸಿ ನೆಟ್ಟಿರಲಿಲ್ಲ, ಯಾರೂ ಬಲೆ ಬೀಸಿರಲಿಲ್ಲ.

ಹೋಲಿಸಿ ನೋಡಿ. ಆಗ ಹೇಳಿದ ಓಮೆಗಾ ಸೆಂಟಾರಿ ಸುಮಾರು 17,000 ಜ್ಯೋತಿರ್ವರ್ಷ ದೂರದ್ದು, ನಮ್ಮ ಪಕ್ಕದ ಕೇರಿಯದು. 2419 ಅದರ ಹದಿನಾರು ಪಟ್ಟು ದೂರ. ನಮ್ಮ ನೆರೆಯ ಪುಟ್ಟ ಗ್ಯಾಲಕ್ಸಿ ದೊಡ್ಡ ಮೆಗೆಲನ್ ಮೋಡ ಇರುವುದೇ 1,60,000 ಜ್ಯೋತಿರ್ವರ್ಷದಲ್ಲಿ. ಅದಕ್ಕಿಂತಲೂ ಆಚೆ ಇದ್ದುಕೊಂಡು ಈ ಗುಚ್ಛ ನಮ್ಮ ಕ್ಷೀರಪಥದ ಸದಸ್ಯ. ಇದನ್ನು ತಂದು ಓಮೆಗಾ ಸೆಂಟಾರಿಯ ಜಾಗದಲ್ಲಿ ಇಟ್ಟರೆ ಬರಿಗಣ್ಣಿಗೆ ಕಾಣುತ್ತದೆ. ನಿಜವಾದ ಬೆಳಕಿನಲ್ಲಿ ಕ್ಷೀರಪಥದ ಗೋಳಗುಚ್ಛಗಳ ಪೈಕಿ ಇದು ಮೊದಲ ಸಾಲಿನದು. ಹತ್ತು ಲಕ್ಷ ಸೂರ್ಯರ ತೂಕದ ಹತ್ತಿರ ಹತ್ತಿರ. ಮಂಕಾಗಿದೆ ಎಂದ ಮಾತ್ರಕ್ಕೆ ಸಣ್ಣದಲ್ಲ ಎಂದು ನಾನು ಪದೇಪದೇ ಹೇಳುತ್ತಿರುವುದು ಇದಕ್ಕೇ.

ಕಥೆ ಉದ್ದವಾಯಿತು, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡುತ್ತ ಹೇಳುತ್ತೇನೆ. ಇದರ ವಯಸ್ಸು ಸಾವಿರದ ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು; ನಮ್ಮ ಸೂರ್ಯನದು ಬರೀ ನಾನೂರ ಅರವತ್ತು ಕೋಟಿ. ಇದರ ನಕ್ಷತ್ರಗಳಲ್ಲಿ ಕಬ್ಬಿಣದಂಥ ಲೋಹ ಬಹಳ ಕಡಿಮೆ, ಏಕೆಂದರೆ ಅವು ಹುಟ್ಟಿದಾಗ ವಿಶ್ವದಲ್ಲಿ ಲೋಹ ಇನ್ನೂ ಹೆಚ್ಚು ತಯಾರಾಗಿರಲಿಲ್ಲ. ಇಷ್ಟು ದೂರ ಇದೆ ಎಂದು ಹಿಂದಿನವರು ಇದಕ್ಕೆ ಗ್ಯಾಲಕ್ಸಿಗಳ ನಡುವಿನ ಅಲೆಮಾರಿ ಎಂದು ಅಡ್ಡಹೆಸರು ಇಟ್ಟಿದ್ದರು. ಪುಸ್ತಕಗಳಲ್ಲಿ ಇಂದಿಗೂ ಅದನ್ನೇ ಬರೆಯುತ್ತಾರೆ, ನನಗೆ ಕಿರಿಕಿರಿಯಾಗುತ್ತದೆ. ಅದು ಅಲೆಮಾರಿಯಲ್ಲ. ಹಗ್ಗ ಕಳಚಿಕೊಂಡ ದೋಣಿಯಲ್ಲ, ಉದ್ದ ಹಗ್ಗದ ದೋಣಿ. ಕ್ಷೀರಪಥವನ್ನು ಒಂದು ಸುತ್ತು ಬರಲು ಸುಮಾರು 300 ಕೋಟಿ ವರ್ಷ ತೆಗೆದುಕೊಳ್ಳುತ್ತದೆ ಅಷ್ಟೇ.

ಎಲ್ಲಿದೆ ಎಂದು ಹೇಳಿ ಮುಗಿಸುತ್ತೇನೆ. ಪುನರ್ವಸು ಮಳೆ ಎಂದರೆ ನಮ್ಮಲ್ಲಿ ಯಾವ ರೈತನಿಗೂ ಗೊತ್ತು. ಪುನರ್ವಸುವಿನ ಎರಡು ತಾರೆಗಳನ್ನು ನೋಡಿದವರು ಎಷ್ಟು ಜನ? ಮಳೆಯನ್ನು ನೋಡಿ ಬೈಯುತ್ತೇವೆ, ನಕ್ಷತ್ರವನ್ನು ನೋಡುವುದಿಲ್ಲ. ಈ ತಿಂಗಳ ರಾತ್ರಿ ಹತ್ತರ ಸುಮಾರಿಗೆ ಮೂಡಣಕ್ಕೆ ಮುಖಮಾಡಿ ತಲೆಯೆತ್ತಿ. ಅಕ್ಕಪಕ್ಕ ನಿಂತ ಎರಡು ಹೊಳೆಯುವ ತಾರೆಗಳು ಕಾಣುತ್ತವೆ, ಒಂದು ಬಿಳಿ, ಒಂದು ಸ್ವಲ್ಪ ಹಳದಿ. ಬಿಳಿಯದು ಉತ್ತರಕ್ಕಿರುವುದು. ಎರಡರ ನಡುವಿನ ಅಂತರ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ಬಿಳಿ ತಾರೆಯಿಂದ ಇನ್ನೂ ಉತ್ತರಕ್ಕೆ ಹೋಗಿ. ಅಲ್ಲಿ ಲಿಂಕ್ಸ್ ಎಂಬ ನಕ್ಷತ್ರಪುಂಜವಿದೆ. ಲಿಂಕ್ಸ್ ಒಂದು ಜಾತಿಯ ಕಾಡುಬೆಕ್ಕು. ನೋಡುವವನಿಗೆ ಆ ಬೆಕ್ಕಿನ ಕಣ್ಣು ಇರಬೇಕು ಎಂದೇ ಹದಿನೇಳನೆಯ ಶತಮಾನದ ಹೆವೆಲಿಯಸ್ ಎಂಬ ಖಗೋಳಜ್ಞರು ಆ ಹೆಸರಿಟ್ಟರು. ದೂರದರ್ಶಕದಲ್ಲಿ ಎರಡು ಪುಟ್ಟ ನಕ್ಷತ್ರಗಳು ಒಂದು ಗೆರೆಯಲ್ಲಿ ನಿಂತಿರುತ್ತವೆ. ಆ ಗೆರೆಯ ಪೂರ್ವದ ತುದಿಯಲ್ಲಿ ಮೂರನೆಯದಾಗಿ ನಿಂತಿರುವ ಮಸುಕೇ 2419. ಬರಿಗಣ್ಣಿಗೆ ಅಲ್ಲಿ ಕಾಣುವುದು ಖಾಲಿ ಕತ್ತಲೆ. ಆ ಕತ್ತಲೆಯೊಳಗೆ ಹತ್ತು ಲಕ್ಷ ಸೂರ್ಯರ ತೂಕ ಇದೆ ಎಂದು ತಿಳಿದುಕೊಂಡು ನೋಡಿ.

ಬೈನಾಕ್ಯುಲರ್ ಸಾಲದು. ಎಂಟು ಇಂಚಿನ ದೂರದರ್ಶಕ ಬೇಕು, ಒಳ್ಳೆಯ ಕತ್ತಲೆ ಬೇಕು. ದೂರದರ್ಶಕ ನನ್ನ ಹತ್ತಿರ ಇದೆ, ಕರೆದರೆ ತರುತ್ತೇನೆ. ಕತ್ತಲೆ ನಿಮ್ಮ ಹತ್ತಿರ ಇದೆ. ನಾನು ಬಂದ ದಿನ ಅಂಗಳದ ಬಲ್ಬು ಆರಿಸಿಡಿ, ಅಡಿಕೆ ಬೇಯಿಸುವ ಒಲೆಯ ಉರಿ ತಗ್ಗಿಸಿ, ಇಪ್ಪತ್ತು ನಿಮಿಷ ಮೊಬೈಲ್ ಮುಟ್ಟಬೇಡಿ. ನೇರ ನೋಡಬೇಡಿ, ಪಕ್ಕದ ಕತ್ತಲೆಯನ್ನು ನೋಡಿ. ನೋಡಿದ ಮೇಲೆ "ಇಷ್ಟೇನಾ ಮಾಸ್ತರರೇ" ಎಂದು ಕೇಳಿದರೂ ನನಗೆ ಈಗ ಸಿಟ್ಟು ಬರುವುದಿಲ್ಲ. ನಮಸ್ಕಾರ.